ಹಂಸಪಾದ ಹಾಕಿ ತಿದ್ದಿದ ಸರ್ವನಾಮ: ಸೂಸನ್ ಬಿ. ಆಂಥನಿ ಭಾಷಣದ ತರ್ಕ

ಭಾಷಣಕಲೆಯ ಪಾಠಗಳಲ್ಲಿ ಸೂಸನ್ ಬಿ. ಆಂಥನಿಯವರ 1873ರ ಭಾಷಣ ಮತ್ತೆ ಮತ್ತೆ ಎದುರಾಗುತ್ತದೆ. ಅದರ ಬೆನ್ನಿಗೇ ಬರುವ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ: ಇದರಲ್ಲಿ ತರ್ಕವನ್ನು ನೆಚ್ಚಿದ ಮಾತುಗಳು ಯಾವುವು, ಗುರುತಿಸಿ. ಉತ್ತರ ಮೂರು ಸಾಲಿನಲ್ಲಿ ಮುಗಿಯುತ್ತದೆ. ಸಂವಿಧಾನ ಪೌರರ ಹಕ್ಕುಗಳನ್ನು ಕಾಪಾಡುತ್ತದೆ, ಮಹಿಳೆಯರು ಪೌರರು, ಆದ್ದರಿಂದ ಮಹಿಳೆಯರಿಗೆ ಮತದ ಹಕ್ಕಿದೆ. ಅಂಕ ಬರುತ್ತದೆ, ಪುಟ ಮಗುಚುತ್ತೇವೆ.

ಉತ್ತರವೇನೋ ಸರಿ. ಆದರೆ ಇದೇ ಮೂರು ಸಾಲಿನ ತರ್ಕ ಎರಡು ವರ್ಷಗಳ ನಂತರ, ಇನ್ನೊಬ್ಬ ಮಹಿಳೆಯ ಮೊಕದ್ದಮೆಯಲ್ಲಿ, ಅಮೆರಿಕದ ಸುಪ್ರೀಂ ಕೋರ್ಟಿನೆದುರು ಬಿದ್ದುಹೋಯಿತು. ಒಬ್ಬ ನ್ಯಾಯಮೂರ್ತಿಯೂ ಅದರ ಪರ ನಿಲ್ಲಲಿಲ್ಲ. ಹಾಗಾದರೆ ಈ ಭಾಷಣದಲ್ಲಿ ನಾವು ಮೆಚ್ಚುತ್ತಿರುವುದು ಸೋತ ತರ್ಕವನ್ನೇ? ನನ್ನ ಓದಿನಲ್ಲಿ ಈ ಭಾಷಣದೊಳಗೆ ಮೂರು ಬಗೆಯ ತರ್ಕಗಳಿವೆ. ಒಂದು ಪ್ರಸಿದ್ಧವಾದದ್ದು, ಆದರೆ ಅದರ ಒಂದು ಕಾಲು ದುರ್ಬಲ. ಇನ್ನೊಂದು ಅಷ್ಟಾಗಿ ಕಣ್ಣಿಗೆ ಬೀಳದ್ದು, ಆದರೆ ಅಲುಗಿಸಲು ಕಷ್ಟವಾದದ್ದು. ಮೂರನೆಯದು ಆಂಥನಿಯವರ ಕೈಯನ್ನೇ ಕುಯ್ದದ್ದು. ಮೂರನ್ನೂ ಬಿಡಿಸಿ ನೋಡದೆ ಈ ಭಾಷಣದ ಬಲವಾಗಲಿ ಮಿತಿಯಾಗಲಿ ತಿಳಿಯುವುದಿಲ್ಲ.

ಮೊದಲು ಸಂದರ್ಭ. 1872ರ ನವೆಂಬರ್ 5ರಂದು ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ಆಂಥನಿ, ಅವರ ಸೋದರಿಯರು ಮತ್ತು ಇನ್ನು ಕೆಲವು ಮಹಿಳೆಯರು ಮತಗಟ್ಟೆಗೆ ಹೋಗಿ ಮತ ಹಾಕಿ ಬಂದರು. ನವೆಂಬರ್ 18ರಂದು ಆಂಥನಿಯವರನ್ನು ಮನೆಯಲ್ಲೇ ಬಂಧಿಸಲಾಯಿತು. ಹಕ್ಕಿಲ್ಲವೆಂದು ತಿಳಿದೂ ಮತ ಹಾಕಿದ್ದಾರೆ ಎಂಬುದು ಆರೋಪ. ಹೂಡಿದ ಕಾಯ್ದೆ 1870ರದು. ಗುಲಾಮಗಿರಿಯಿಂದ ಹೊರಬಂದ ಕಪ್ಪು ಜನರ ಮತದ ಹಕ್ಕನ್ನು ಕಾಪಾಡಲೆಂದು ಮಾಡಿದ್ದು. ಮತ ಕಾಯಲು ಹುಟ್ಟಿದ ಕಾಯ್ದೆಯೇ ಮತ ಹಾಕಿದವರ ಮೇಲೆ ಎರಗಿತು.

ವಿಚಾರಣೆಗೆ ಇನ್ನೂ ತಿಂಗಳುಗಳ ಸಮಯವಿತ್ತು. ಆಂಥನಿ ಸುಮ್ಮನೆ ಕೂರಲಿಲ್ಲ. ಮನ್ರೋ ಕೌಂಟಿಯ ಎಲ್ಲ 29 ಅಂಚೆ ವಲಯಗಳಲ್ಲಿ ಒಂದೇ ಭಾಷಣವನ್ನು ಮಾಡುತ್ತ ಹೋದರು. ಜ್ಯೂರಿಗೆ ಆಯ್ಕೆಯಾಗಬಹುದಾದವರ ಮನಸ್ಸನ್ನೇ ಈಕೆ ತಿದ್ದುತ್ತಿದ್ದಾರೆ ಎಂದು ಸರಕಾರಿ ವಕೀಲರಿಗೆ ಅನ್ನಿಸಿ, ಮೊಕದ್ದಮೆ ಪಕ್ಕದ ಒಂಟಾರಿಯೊ ಕೌಂಟಿಗೆ ವರ್ಗವಾಯಿತು. ಆಂಥನಿ ಅಲ್ಲಿಯೂ 21 ಕಡೆ ಮಾತಾಡಿದರು. ಅವರ ಒಡನಾಡಿ ಮಟಿಲ್ಡಾ ಜಾಸ್ಲಿನ್ ಗೇಜ್ ಇನ್ನೂ 16 ಕಡೆ ಮಾತಾಡಿದರು.

ಈ ವಿವರ ಭಾಷಣದ ಧಾಟಿಯನ್ನು ಅರ್ಥ ಮಾಡಿಕೊಳ್ಳಲು ಬೇಕು. ಜ್ಯೂರಿಯಲ್ಲಿ ಕೂರುವವರೆಲ್ಲ ಗಂಡಸರು. ಅವರು ಮನೆಗೆ ಹೋಗಿ ಇನ್ನೊಬ್ಬರಿಗೆ ದಾಟಿಸಬಹುದಾದ ವಾದ ಬೇಕಿತ್ತು. ಆದ್ದರಿಂದಲೇ ಇಲ್ಲಿ ಕಣ್ಣೀರಿನ ಕತೆಗಳಿಲ್ಲ, ಕರುಣೆಯ ಯಾಚನೆಯಿಲ್ಲ. ಆರಂಭದಲ್ಲೇ ಅವರು ತಮ್ಮ ಮೇಲಿನ ಆರೋಪವನ್ನು ಹೇಳಿ, ತಾನು ಅಪರಾಧ ಮಾಡಿಲ್ಲ, ಪೌರರಿಗೆ ಇರುವ ಹಕ್ಕನ್ನಷ್ಟೇ ಚಲಾಯಿಸಿದ್ದೇನೆ ಎಂದು ಸಾಧಿಸಿ ತೋರಿಸುತ್ತೇನೆ ಎನ್ನುತ್ತಾರೆ. ನಮ್ಮ ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಮೊದಲು ಪ್ರತಿಜ್ಞೆ, ಆಮೇಲೆ ಹೇತು.

ಮೊದಲನೆಯ ತರ್ಕ ಸಂವಿಧಾನದ ಪೀಠಿಕೆಯಿಂದ ಹೊರಡುತ್ತದೆ. ಅಲ್ಲಿ ‘ನಾವು, ಜನರು’ ಎಂದಿದೆಯೇ ಹೊರತು ಬಿಳಿಯ ಗಂಡಸರು ಎಂದಿಲ್ಲ, ಬರೀ ಗಂಡಸರು ಎಂದೂ ಇಲ್ಲ. ಒಕ್ಕೂಟವನ್ನು ಕಟ್ಟಿದ್ದು ಇಡೀ ಜನತೆ ಎಂಬುದು ಅವರ ಓದು. ಸರಕಾರಗಳು ಹಕ್ಕುಗಳನ್ನು ದಾನ ಮಾಡುವುದಿಲ್ಲ, ಮೊದಲೇ ಇರುವ ಹಕ್ಕುಗಳನ್ನು ಕಾಯುತ್ತವೆ ಎಂಬುದು ಮುಂದಿನ ಮೆಟ್ಟಿಲು. ಅಲ್ಲಿಂದ 1868ರ ಹದಿನಾಲ್ಕನೆಯ ತಿದ್ದುಪಡಿಗೆ ಬರುತ್ತಾರೆ. ಅಮೆರಿಕದಲ್ಲಿ ಹುಟ್ಟಿದ ಅಥವಾ ಪೌರತ್ವ ಪಡೆದ ಎಲ್ಲ ವ್ಯಕ್ತಿಗಳೂ ಪೌರರು, ಪೌರರ ಹಕ್ಕು ಸವಲತ್ತುಗಳನ್ನು ಯಾವ ರಾಜ್ಯವೂ ಮೊಟಕುಗೊಳಿಸುವಂತಿಲ್ಲ ಎನ್ನುತ್ತದೆ ಅದು. ಮತದ ಹಕ್ಕಿಗಿಂತ ದೊಡ್ಡ ಸವಲತ್ತು ಯಾವುದಿದೆ ಎಂದು ಕೇಳುತ್ತದೆ ಭಾಷಣ.

ಈ ಸರಪಣಿಯಲ್ಲಿ ಒಂದು ಕೊಂಡಿ ಉಳಿದವುಗಳ ಭಾರವನ್ನೆಲ್ಲ ಹೊತ್ತಿದೆ: ಪೌರ ಎಂದರೆ ಮತ ಹಾಕಬಲ್ಲವರು ಎಂಬ ಸಮೀಕರಣ. ಅದನ್ನು ಭದ್ರಪಡಿಸಲು ಆಂಥನಿ ನಿಘಂಟುಗಳ ಮೊರೆ ಹೋಗುತ್ತಾರೆ. ವೆಬ್‌ಸ್ಟರ್, ವೂಸ್ಟರ್, ಬೂವಿಯೇ ಮೂವರೂ ಪೌರ ಎಂಬ ಪದಕ್ಕೆ ಮತ ಹಾಕಲು ಮತ್ತು ಅಧಿಕಾರದ ಹುದ್ದೆ ಹಿಡಿಯಲು ಅರ್ಹತೆಯುಳ್ಳವರು ಎಂಬ ಅರ್ಥ ಕೊಟ್ಟಿದ್ದಾರೆ ಎನ್ನುತ್ತಾರೆ. ನಾವು ಶಬ್ದಪ್ರಮಾಣ ಎನ್ನುವುದಕ್ಕೆ ಇದು ಹತ್ತಿರ: ನಂಬಲರ್ಹರು ಹೇಳಿದ್ದಾರೆ, ಆದ್ದರಿಂದ ಒಪ್ಪಬೇಕು.

ಕನ್ನಡದಲ್ಲಿ ಯೋಚಿಸುವ ಓದುಗರಿಗೆ ಈ ಕೊಂಡಿ ಎಷ್ಟು ಸಡಿಲ ಎಂಬುದು ಬೇಗ ಕಾಣುತ್ತದೆ. ನಮ್ಮಲ್ಲಿ ‘ಪ್ರಜೆ’ ಎಂಬ ಒಂದೇ ಪದ ಎರಡು ಬದುಕು ಬಾಳಿದೆ. ಅರಸನ ಪ್ರಜೆ ಎಂದರೆ ಅಪ್ಪಣೆಗೆ ತಲೆಬಾಗುವವರು, ಕಂದಾಯ ಕಟ್ಟುವವರು. ಭಾರತದ ಪ್ರಜೆ ಎಂದರೆ ಮತದ ಮೂಲಕ ಸರಕಾರವನ್ನು ಇಳಿಸಬಲ್ಲವರು. ಪದ ಬದಲಾಗಲಿಲ್ಲ, ಅದರೊಳಗಿನ ಅಧಿಕಾರ ಬದಲಾಯಿತು. ನಿಘಂಟು ಪದದ ಬಳಕೆಯನ್ನು ಹೇಳುತ್ತದೆ. ಒಳಗೆ ಯಾವ ಅಧಿಕಾರ ಇರಬೇಕು ಎಂಬುದನ್ನು ಅದು ತೀರ್ಮಾನಿಸಲಾರದು.

1875ರಲ್ಲಿ ಸುಪ್ರೀಂ ಕೋರ್ಟ್ ಕೈ ಹಾಕಿದ್ದು ಸರಿಯಾಗಿ ಇದೇ ಕೊಂಡಿಗೆ. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನ ವರ್ಜೀನಿಯಾ ಮೈನರ್ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದಾಗ ನೋಂದಣಿ ಅಧಿಕಾರಿ ಹ್ಯಾಪರ್‌ಸೆಟ್ ನಿರಾಕರಿಸಿದರು. ಮದುವೆಯಾದ ಹೆಣ್ಣು ಸ್ವತಂತ್ರವಾಗಿ ದಾವೆ ಹೂಡುವಂತಿರಲಿಲ್ಲವಾದ್ದರಿಂದ ಪತಿ ಫ್ರಾನ್ಸಿಸ್ ಮೈನರ್ ಜೊತೆ ಸೇರಿ ದಾವೆ ಹೂಡಬೇಕಾಯಿತು. ಮಹಿಳೆಯರು ವ್ಯಕ್ತಿಗಳು ಹೌದು, ಪೌರರೂ ಹೌದು ಎಂದು ಮುಖ್ಯ ನ್ಯಾಯಮೂರ್ತಿ ಮಾರಿಸನ್ ವೇಟ್ ಒಪ್ಪಿಕೊಂಡರು. ಪೌರತ್ವ ಎಂದರೆ ಒಂದು ದೇಶದ ಸದಸ್ಯತ್ವ, ಅಷ್ಟೇ. ಮತ ಅದರೊಳಗೆ ತಾನಾಗಿ ಅಡಗಿಲ್ಲ ಎಂದರು. ಕೆಲವು ರಾಜ್ಯಗಳಲ್ಲಿ ಇನ್ನೂ ಪೌರರಾಗದ ವಲಸಿಗರು ಕೂಡ ಮತ ಹಾಕುತ್ತಿದ್ದರು ಎಂಬುದನ್ನೂ ತೀರ್ಪು ಎತ್ತಿ ತೋರಿಸಿತು.

ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ ಎಂದು ಸಾಧಿಸಬೇಕಾದರೆ ಬೆಂಕಿಯಿಲ್ಲದ ಹೊಗೆ ಎಲ್ಲೂ ಇರಬಾರದು. ಆ ಬಿಡಿಸಲಾಗದ ನಂಟಿಗೆ ವ್ಯಾಪ್ತಿ ಎಂದು ಹೆಸರು. ಮಕ್ಕಳು ಪೌರರು, ಅವರಿಗೆ ಮತವಿಲ್ಲ. ಕೆಲವು ವಲಸಿಗರು ಪೌರರಲ್ಲ, ಅವರಿಗೆ ಮತವಿತ್ತು. ಎರಡೂ ಕಡೆಯಿಂದ ನಂಟು ಕಡಿದಿತ್ತು. ಜೊತೆಗೆ ಹದಿನಾಲ್ಕನೆಯ ತಿದ್ದುಪಡಿಯ ಎರಡನೆಯ ಭಾಗದಲ್ಲಿ, ಸಂವಿಧಾನದಲ್ಲಿ ಮೊದಲ ಬಾರಿಗೆ, ‘ಪುರುಷ’ ಎಂಬ ಪದವನ್ನು ಮತದ ವಿಷಯದಲ್ಲಿ ಸೇರಿಸಲಾಗಿತ್ತು. ಎಲ್ಲ ಪೌರರಿಗೂ ಮತ ಕೊಡುವುದು ಇದರ ಉದ್ದೇಶವಾಗಿದ್ದರೆ, ಪುರುಷರ ಮತ ಕಸಿದ ರಾಜ್ಯಕ್ಕೆ ಮಾತ್ರ ಶಿಕ್ಷೆ ಏಕೆ ಎಂದು ತೀರ್ಪು ಕೇಳಿತು. ಮನಸ್ಸಿಗೆ ಒಪ್ಪದಿದ್ದರೂ ತರ್ಕವಾಗಿ ಇದು ಗಟ್ಟಿ ಪ್ರಶ್ನೆ ಎಂದು ಒಪ್ಪಲೇಬೇಕು.

ಎರಡನೆಯ ತರ್ಕಕ್ಕೆ ನಿಘಂಟಿನ ಹಂಗಿಲ್ಲ. ಅದು ಸಂಕಲನಗಳಲ್ಲಿ ಸಿಗುವ ಪುಟ್ಟ ಭಾಷಣದಲ್ಲಿ ಇಲ್ಲ; ಮೊಕದ್ದಮೆಯ ವಿವರಗಳೊಡನೆ 1874ರಲ್ಲಿ ಅಚ್ಚಾದ ದೀರ್ಘ ಪಾಠದಲ್ಲಿದೆ. ಮತದಾನದ ಕಾನೂನುಗಳಲ್ಲಿ ‘ಅವನು’, ‘ಅವನ’ ಎಂಬ ಪುಲ್ಲಿಂಗ ಸರ್ವನಾಮಗಳೇ ಇವೆ, ಆದ್ದರಿಂದ ಅವು ಗಂಡಸರಿಗಷ್ಟೇ ಸೇರಿದವು ಎನ್ನುವುದು ಎದುರಾಳಿಗಳ ವಾದವಾಗಿತ್ತು. ಆಂಥನಿ ಈ ಪೂರ್ವಪಕ್ಷವನ್ನು ತಳ್ಳಿಹಾಕುವುದಿಲ್ಲ. ಆಗಲಿ, ಹಾಗೇ ಓದೋಣ ಎಂಬಂತೆ ಅದನ್ನು ಕೈಗೆತ್ತಿಕೊಳ್ಳುತ್ತಾರೆ. ತೆರಿಗೆಯ ಕಾನೂನಿನಲ್ಲೂ ‘ಅವಳು’ ಇಲ್ಲ. ಅಪರಾಧದ ಕಾನೂನಿನಲ್ಲೂ ಇಲ್ಲ. ಹಾಗಿದ್ದರೆ ಹೆಂಗಸರು ತೆರಿಗೆ ಕಟ್ಟಬೇಕಾಗಿಲ್ಲ, ಜೈಲಿಗೆ ಹೋಗಬೇಕಾಗಿಲ್ಲ, ನೇಣಿಗೇರಬೇಕಾಗಿಲ್ಲ.

ಇಲ್ಲಿಗೇ ನಿಂತಿದ್ದರೆ ಅದು ಜಾಣ ಮಾತಷ್ಟೇ ಆಗುತ್ತಿತ್ತು. ಆಂಥನಿ ತಮ್ಮ ಕೈಯಲ್ಲಿದ್ದ ಕಾಗದಗಳನ್ನೇ ಸಾಕ್ಷಿಯಾಗಿ ಮುಂದಿಡುತ್ತಾರೆ. ತನಗೆ ಜಾರಿಯಾದ ವಾರಂಟ್, ಜಾಮೀನು ಪತ್ರ, ಆರೋಪಪಟ್ಟಿ ಎಲ್ಲವೂ ಮುದ್ರಿತ ನಮೂನೆಗಳು. ಒಂದರಲ್ಲೂ ಸ್ತ್ರೀಲಿಂಗದ ಸರ್ವನಾಮ ಅಚ್ಚಾಗಿರಲಿಲ್ಲ. ಅವನ್ನು ಇವರಿಗೆ ಅನ್ವಯಿಸಲು ಕೋರ್ಟಿನ ಗುಮಾಸ್ತ ‘ಹಿ’ ಎಂಬುದರ ಎಡಕ್ಕೆ ಹಂಸಪಾದ ಹಾಕಿ ಮೇಲೊಂದು ‘ಎಸ್’ ಬರೆದು ‘ಶಿ’ ಮಾಡಿದ್ದ. ‘ಹಿಸ್’ ಎಂಬುದರ ಬಾಲ ಹೊಡೆದುಹಾಕಿ ‘ಹರ್’ ಮಾಡಿದ್ದ. ತೆರಿಗೆ ವಸೂಲಿಗೆ, ದಂಡ ಹಾಕಲು, ಸೆರೆಗೆ ತಳ್ಳಲು ಸರಕಾರ ಸರ್ವನಾಮವನ್ನು ಹೀಗೆ ತಿದ್ದಿಕೊಳ್ಳಬಹುದಾದರೆ, ಆಳ್ವಿಕೆಯಲ್ಲಿ ತಮ್ಮ ದನಿ ಸೇರಿಸಲು ಹೆಂಗಸರೂ ಅದೇ ಸ್ವಾತಂತ್ರ್ಯ ತೆಗೆದುಕೊಳ್ಳುತ್ತಾರೆ ಎಂಬುದು ಅವರ ನಿಲುವು.

ಇಡೀ ಭಾಷಣದ ಅತ್ಯಂತ ಬಲವಾದ ತರ್ಕ ಇದೇ ಎಂದು ನನ್ನ ಅಭಿಪ್ರಾಯ. ಎದುರಾಳಿಗೆ ಇಲ್ಲಿ ಅತ್ತ ದರಿ, ಇತ್ತ ಪುಲಿ. ‘ಅವನು’ ಎಂಬುದರಲ್ಲಿ ‘ಅವಳು’ ಸೇರಿಲ್ಲ ಎಂದರೆ ಆರೋಪವೇ ನಿಲ್ಲುವುದಿಲ್ಲ. ಸೇರಿದೆ ಎಂದರೆ ಸರ್ವನಾಮದ ಆಧಾರದಲ್ಲಿ ಮತವನ್ನು ನಿರಾಕರಿಸುವಂತಿಲ್ಲ. ಮಹಿಳೆಯರಿಗೆ ಮತದ ಹಕ್ಕಿದೆ ಎಂದು ಈ ತರ್ಕ ನೇರವಾಗಿ ಸಾಧಿಸುವುದಿಲ್ಲ, ನಿಜ. ಅದು ಸಾಧಿಸುವುದು ಇನ್ನೂ ಚಿಕ್ಕ ಸಂಗತಿ: ಓದುವ ನಿಯಮ ಒಂದೇ ಇರಬೇಕು, ಹೊರೆ ಹೊರಿಸುವಾಗ ಒಂದು ಓದು, ಹಕ್ಕು ಹಂಚುವಾಗ ಇನ್ನೊಂದು ಓದು ಸಲ್ಲದು. ಕಡಿಮೆ ಸಾಧಿಸಲು ಹೊರಟದ್ದರಿಂದಲೇ ಅದನ್ನು ಮುರಿಯುವುದು ಕಷ್ಟ. ಮೊದಲ ತರ್ಕ ಪದದ ಅರ್ಥವನ್ನು ನೆಚ್ಚಿತ್ತು. ಇದು ಸರಕಾರದ ನಡವಳಿಕೆಯನ್ನು ನೆಚ್ಚಿದೆ, ಮತ್ತು ಆ ನಡವಳಿಕೆಗೆ ಗುಮಾಸ್ತನ ಕೈಬರಹದ ಸಾಕ್ಷಿಯಿದೆ.

ಭಾಷಣದ ಹೆಸರನ್ನು ಕನ್ನಡಕ್ಕೆ ತರಲು ಹೊರಟರೆ ಈ ಸರ್ವನಾಮದ ಗಂಟು ನಮಗೂ ತಗಲಿಕೊಳ್ಳುತ್ತದೆ. ಅಮೆರಿಕದ ‘ಪೌರನೊಬ್ಬ’ ಮತ ಹಾಕುವುದು ಅಪರಾಧವೇ ಎಂದರೆ ಆಂಥನಿಯೇ ಹೊರಗುಳಿಯುತ್ತಾರೆ. ‘ಪೌರಳೊಬ್ಬಳು’ ಎಂದರೆ ಅದು ಹೆಂಗಸರ ಪ್ರಶ್ನೆಯಷ್ಟೇ ಆಗಿ ವಾದದ ಮೊನೆ ಮುರಿಯುತ್ತದೆ. ‘ಪೌರರೊಬ್ಬರು’ ಎಂಬ ಬಹುವಚನವೇ ಗತಿ. ಇಂಗ್ಲಿಷಿನ ಆ ನಾಮಪದಕ್ಕೆ ಲಿಂಗವಿಲ್ಲ. ಆ ಖಾಲಿ ಜಾಗದಲ್ಲೇ ಆಂಥನಿ ಕಾಲೂರಿ ನಿಂತದ್ದು ಎಂಬುದು ಅನುವಾದಕ್ಕೆ ಕೈ ಹಚ್ಚಿದಾಗ ಚೆನ್ನಾಗಿ ಗೊತ್ತಾಗುತ್ತದೆ.

ಭಾಷಣದ ಅತ್ಯಂತ ಪ್ರಸಿದ್ಧ ಪ್ರಶ್ನೆಯೂ ಈ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ಇನ್ನು ಉಳಿದಿರುವುದು ಒಂದೇ ಪ್ರಶ್ನೆ, ಮಹಿಳೆಯರು ವ್ಯಕ್ತಿಗಳೇ ಎಂದು ಅವರು ಕೇಳುತ್ತಾರೆ. ಇದನ್ನು ಭಾವನೆಗೆ ನಾಟುವ ಮಾತು ಎಂದು ಗುರುತು ಹಾಕುವವರಿದ್ದಾರೆ. ನನಗೆ ಅದು ತರ್ಕದ ಕುಣಿಕೆಯಾಗಿಯೇ ಕಾಣುತ್ತದೆ. ಆಂಥನಿಯವರ ಮೇಲೆ ಹೂಡಿದ ಕಾಯ್ದೆಯ ಮಾತೇ ‘ಯಾವುದೇ ವ್ಯಕ್ತಿ’ ಹಕ್ಕಿಲ್ಲದೆ ಮತ ಹಾಕಿದರೆ ಎಂದು ಶುರುವಾಗುತ್ತದೆ. ವ್ಯಕ್ತಿಯಲ್ಲದಿದ್ದರೆ ಅವರನ್ನು ಶಿಕ್ಷಿಸಲಾಗದು. ವ್ಯಕ್ತಿಯಾದರೆ ಹದಿನಾಲ್ಕನೆಯ ತಿದ್ದುಪಡಿಯ ‘ಎಲ್ಲ ವ್ಯಕ್ತಿಗಳು’ ಎಂಬುದರೊಳಗೆ ಅವರೂ ಸೇರುತ್ತಾರೆ. ಪುಟ್ಟ ಪಾಠದಲ್ಲಿ ಈ ಪ್ರಶ್ನೆ ಉಳಿದಿದೆ; ಅದನ್ನು ಬಿಗಿಯುವ ಸರ್ವನಾಮದ ಭಾಗ ಇಲ್ಲ. ಹಗ್ಗ ಕಾಣದೆ ಗಂಟು ಮಾತ್ರ ಕಂಡಾಗ ಅದು ಅಲಂಕಾರದಂತೆ ತೋರಿದರೆ ಆಶ್ಚರ್ಯವಿಲ್ಲ.

ಮೂರನೆಯ ತರ್ಕದ ಬಗ್ಗೆ ಮಾತಾಡುವಾಗ ಮುಜುಗರವಾಗುತ್ತದೆ. ಆದರೆ ವಿಮರ್ಶೆ ಅದನ್ನು ದಾಟಿ ಹೋಗಬಾರದು. ಮತವಿಲ್ಲದ ಹೆಂಗಸರಿಗೆ ಅಮೆರಿಕ ಪ್ರಜಾಪ್ರಭುತ್ವವಲ್ಲ, ಕೆಲವರು ಎಲ್ಲರನ್ನೂ ಆಳುವ ಅಲ್ಪಜನಾಧಿಪತ್ಯ ಎನ್ನುತ್ತಾರೆ ಆಂಥನಿ. ಅದು ಲಿಂಗದ ಅಲ್ಪಜನಾಧಿಪತ್ಯ; ಪ್ರತಿ ಮನೆಯಲ್ಲೂ ತಂದೆ, ಅಣ್ಣತಮ್ಮಂದಿರು, ಗಂಡ, ಮಕ್ಕಳನ್ನು ತಾಯಿ, ಅಕ್ಕತಂಗಿಯರು, ಹೆಂಡತಿ, ಹೆಣ್ಣುಮಕ್ಕಳ ಮೇಲೆ ದೊರೆಗಳಾಗಿಸುತ್ತದೆ. ಇಲ್ಲಿಯವರೆಗೆ ಮಾತು ಹರಿತವಾಗಿದೆ. ಆದರೆ ಈ ತೀವ್ರತೆಯನ್ನು ತೋರಿಸಲು ಅವರು ಒಂದು ಹೋಲಿಕೆ ತರುತ್ತಾರೆ. ಹಣವಂತರು ಬಡವರನ್ನು ಆಳುವುದು, ಓದಿದವರು ಓದದವರನ್ನು ಆಳುವುದು, ಕೊನೆಗೆ ಬಿಳಿಯರು ಆಫ್ರಿಕಾ ಮೂಲದವರನ್ನು ಆಳುವುದನ್ನೂ ಹೇಗೋ ಸಹಿಸಬಹುದು. ಇದನ್ನು ಸಹಿಸಲಾಗದು ಎಂಬರ್ಥದ ಮಾತು ಅದು.

ಇದು ನಾವು ಕೈಮುತಿಕ ನ್ಯಾಯ ಎನ್ನುವ ವಾದದ ಮಾದರಿ: ಅದನ್ನೇ ತಾಳಿಕೊಳ್ಳಬಹುದು ಎಂದ ಮೇಲೆ, ಇದರ ಕೇಡು ಇನ್ನೆಷ್ಟು ದೊಡ್ಡದು ಎನ್ನುವುದು. ಈ ತಕ್ಕಡಿಯಲ್ಲಿ ಒಂದು ತಟ್ಟೆ ಮೇಲೇಳಬೇಕಾದರೆ ಇನ್ನೊಂದನ್ನು ಕೆಳಗೆ ಒತ್ತಲೇಬೇಕು. ಗುಲಾಮಗಿರಿ ಕಾನೂನಿನಿಂದ ಅಳಿದು ಆಗ ಎಂಟು ವರ್ಷವೂ ತುಂಬಿರಲಿಲ್ಲ. ಆಂಥನಿ ಸ್ವತಃ ಗುಲಾಮಗಿರಿಯ ವಿರುದ್ಧ ವರ್ಷಗಟ್ಟಲೆ ದುಡಿದವರು. ಅದೇ ಭಾಷಣದ ಕೊನೆಯಲ್ಲಿ, ಮಹಿಳೆಯರ ವಿರುದ್ಧದ ಭೇದದ ಕಾನೂನುಗಳು ಕಪ್ಪು ಜನರ ವಿರುದ್ಧದ ಕಾನೂನುಗಳಂತೆಯೇ ಅಸಿಂಧು ಎಂದೂ ಹೇಳುತ್ತಾರೆ. ಅಂದರೆ ಅವರ ತೀರ್ಮಾನ ಇಡೀ ಜನತೆಯನ್ನು ಒಳಗೊಳ್ಳುತ್ತದೆ, ನಡುವಿನ ಹೋಲಿಕೆ ಆ ಜನತೆಯನ್ನು ಸೀಳುತ್ತದೆ. ಪೀಠಿಕೆಯ ‘ನಾವು’ ಎಂಬುದಕ್ಕೆ ಅವರೇ ಕೊಟ್ಟ ವಿಶಾಲ ಅರ್ಥವನ್ನು ಈ ಒಂದು ವಾಕ್ಯ ಕಿರಿದು ಮಾಡಿಬಿಡುತ್ತದೆ.

ಆ ಹೋಲಿಕೆಯ ಹಿಂದೆ ಒಂದು ಜಗಳವೂ ಇತ್ತು. 1870ರ ಹದಿನೈದನೆಯ ತಿದ್ದುಪಡಿ ಜನಾಂಗ, ಬಣ್ಣ, ಹಿಂದಿನ ಗುಲಾಮಗಿರಿಯ ಕಾರಣಕ್ಕೆ ಮತ ನಿರಾಕರಿಸುವುದನ್ನು ನಿಷೇಧಿಸಿತು, ಲಿಂಗದ ಮಾತೆತ್ತಲಿಲ್ಲ. ಅದನ್ನು ಬೆಂಬಲಿಸಬೇಕೇ ಎಂಬ ಪ್ರಶ್ನೆಯಲ್ಲಿ ಆಂಥನಿ ಮತ್ತು ಅವರ ಹಳೆಯ ಗೆಳೆಯ ಫ್ರೆಡರಿಕ್ ಡಗ್ಲಸ್ ಎದುರುಬದುರಾದರು. 1869ರಲ್ಲಿ ಚಳವಳಿಯೇ ಎರಡಾಗಿ ಒಡೆಯಿತು. ಆದರೆ ಬೇರೆ ಬಗೆಯಲ್ಲಿ ವಾದಿಸಲು ಆ ಕಾಲದಲ್ಲಿ ಸಾಧ್ಯವೇ ಇರಲಿಲ್ಲ ಎನ್ನುವಂತಿಲ್ಲ. 1866ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮಹಿಳಾ ಹಕ್ಕುಗಳ ಸಮಾವೇಶದಲ್ಲಿ ಕವಿ ಫ್ರಾನ್ಸಿಸ್ ಎಲೆನ್ ವಾಟ್ಕಿನ್ಸ್ ಹಾರ್ಪರ್ ಮಾತಾಡಿದ್ದರು. ಮನುಕುಲ ಒಂದೇ ಕಂತೆಯಾಗಿ ಕಟ್ಟಲ್ಪಟ್ಟಿದೆ, ಅತಿ ದುರ್ಬಲರನ್ನು ತುಳಿದ ಸಮಾಜ ತನ್ನನ್ನೇ ಶಪಿಸಿಕೊಳ್ಳುತ್ತದೆ ಎಂಬುದು ಅವರ ವಾದದ ತಿರುಳು. ಬಿಳಿಯ ಹೆಂಗಸರು ಹಕ್ಕುಗಳ ಬಗ್ಗೆ ಮಾತಾಡುವ ನಾಡಿನಲ್ಲಿ ಕಪ್ಪು ಹೆಂಗಸಾದ ತನಗೆ ಸಾರ್ವಜನಿಕ ವಾಹನದಲ್ಲಿ ಕೂರಲೂ ಬಿಡುವುದಿಲ್ಲ ಎಂದು ಅವರು ಅಲ್ಲೇ ಹೇಳಿದ್ದರು. ಆಂಥನಿಯವರ ತಕ್ಕಡಿಯಲ್ಲಿ ಹಾರ್ಪರ್ ಯಾವ ತಟ್ಟೆಯಲ್ಲಿ ಕೂರಬೇಕು? ಅವರು ಹೆಂಗಸೂ ಹೌದು, ಆಫ್ರಿಕಾ ಮೂಲದವರೂ ಹೌದು.

ಈ ಬಿರುಕು ಮಾತಿನ ಮಟ್ಟದಲ್ಲೇ ಉಳಿಯಲಿಲ್ಲ. ಓದಿದವರು ಓದದವರನ್ನು ಆಳುವುದನ್ನು ಸಹಿಸಬಹುದು ಎಂದಿತ್ತಲ್ಲ ಆ ವಾಕ್ಯ. ಮುಂದೆ ದಕ್ಷಿಣದ ರಾಜ್ಯಗಳು ಅಕ್ಷರ ಪರೀಕ್ಷೆ, ಮತ ತೆರಿಗೆಗಳ ಹೆಸರಿನಲ್ಲಿ ಕಪ್ಪು ಜನರನ್ನು ಮತಗಟ್ಟೆಯಿಂದ ದೂರ ಇಟ್ಟವು. 1920ರ ಹತ್ತೊಂಬತ್ತನೆಯ ತಿದ್ದುಪಡಿ ಲಿಂಗದ ಕಾರಣಕ್ಕೆ ಮತ ನಿರಾಕರಿಸುವುದನ್ನು ನಿಲ್ಲಿಸಿದ ಮೇಲೂ ಅಲ್ಲಿನ ಎಷ್ಟೋ ಕಪ್ಪು ಹೆಂಗಸರು 1965ರ ಮತದಾನ ಹಕ್ಕುಗಳ ಕಾಯ್ದೆಯವರೆಗೆ ಕಾಯಬೇಕಾಯಿತು. ಇದಕ್ಕೆಲ್ಲ ಆಂಥನಿಯ ಒಂದು ವಾಕ್ಯ ಕಾರಣ ಎಂದು ನಾನು ಹೇಳುತ್ತಿಲ್ಲ. ಸಹಿಸಬಹುದಾದ ಅನ್ಯಾಯಗಳ ಪಟ್ಟಿಯನ್ನು ವಾದದ ಅನುಕೂಲಕ್ಕೆ ಮಾಡಿದರೂ, ಆ ಪಟ್ಟಿಯಲ್ಲಿರುವುದನ್ನು ಯಾರೋ ಸಹಿಸಬೇಕಾಗುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಗಮನಿಸಿ, ಮೂರನೆಯ ತರ್ಕವನ್ನು ನಾವು ಅಳೆಯುತ್ತಿರುವುದು ಎರಡನೆಯದರ ಅಳತೆಗೋಲಿನಿಂದಲೇ. ಹೊರೆಗೆ ಒಂದು ಓದು, ಹಕ್ಕಿಗೆ ಇನ್ನೊಂದು ಓದು ಸಲ್ಲದು ಎಂದು ಆಂಥನಿಯೇ ಕಲಿಸಿದ್ದಾರೆ. ತನಗೆ ಒಂದು ಓದು, ಹಾರ್ಪರ್‌ಗೆ ಇನ್ನೊಂದು ಓದು ಎಂಬುದೂ ಅದೇ ನಿಯಮದಿಂದ ಸಲ್ಲದು. ಒಳ್ಳೆಯ ತರ್ಕದ ಗುಣ ಇದು. ಅದನ್ನು ಹೂಡಿದವರಿಗೂ ಅದು ರಿಯಾಯಿತಿ ಕೊಡುವುದಿಲ್ಲ.

ಇಷ್ಟೆಲ್ಲ ಸಿದ್ಧಪಡಿಸಿಕೊಂಡ ಭಾಷಣ ಕೋರ್ಟಿನಲ್ಲಿ ಏನಾಯಿತು? 1873ರ ಜೂನ್ 17ರಂದು ಕ್ಯಾನನ್‌ಡೇಗ್ವಾ ಪಟ್ಟಣದಲ್ಲಿ ವಿಚಾರಣೆ ಆರಂಭವಾಯಿತು. ತನ್ನ ಪರವಾಗಿ ತಾನೇ ಸಾಕ್ಷಿ ನುಡಿಯಲು ಆಂಥನಿಯವರಿಗೆ ಅವಕಾಶ ಸಿಗಲಿಲ್ಲ. ವಕೀಲ ಹೆನ್ರಿ ಸೆಲ್ಡನ್ ವಾದ ಮುಗಿಸಿದ ಮೇಲೆ ನ್ಯಾಯಮೂರ್ತಿ ವಾರ್ಡ್ ಹಂಟ್ ಮೊದಲೇ ಬರೆದು ತಂದಿದ್ದ ಅಭಿಪ್ರಾಯವನ್ನು ಓದಿ, ತಪ್ಪಿತಸ್ಥೆ ಎಂದು ತೀರ್ಪು ಕೊಡಿ ಎಂದು ಜ್ಯೂರಿಗೆ ನಿರ್ದೇಶಿಸಿದರು. ಆ ಹನ್ನೆರಡು ಗಂಡಸರು ತಮ್ಮೊಳಗೆ ಚರ್ಚಿಸಲೂ ಇಲ್ಲ. ಐವತ್ತು ಊರುಗಳಲ್ಲಿ ಯಾರ ವಿವೇಚನೆಯನ್ನು ನೆಚ್ಚಿ ಆಂಥನಿ ಮಾತಾಡಿದರೋ, ಆ ವಿವೇಚನೆಗೆ ಕೆಲಸವೇ ಇಲ್ಲದಂತಾಯಿತು. ಮರುದಿನ 100 ಡಾಲರ್ ದಂಡ ವಿಧಿಸಿದಾಗ ಒಂದು ಡಾಲರನ್ನೂ ಕಟ್ಟುವುದಿಲ್ಲ ಎಂದರು ಆಂಥನಿ, ಕಟ್ಟಲೂ ಇಲ್ಲ. ಕಟ್ಟುವವರೆಗೆ ಸೆರೆಯಲ್ಲಿಡಿ ಎಂದು ಹಂಟ್ ಆದೇಶಿಸಲಿಲ್ಲ. ಅದರಿಂದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿಗೆ ಒಯ್ಯುವ ದಾರಿಯೂ ಮುಚ್ಚಿತು.

ತರ್ಕವನ್ನು ಸೋಲು ಗೆಲುವಿನಿಂದ ಮಾತ್ರ ಅಳೆದರೆ ಈ ಭಾಷಣ ಸೋತಿತು. ಆದರೆ 1875ರ ತೀರ್ಪನ್ನು ಇನ್ನೊಮ್ಮೆ ನೋಡಿ. ಮಹಿಳೆಯರು ವ್ಯಕ್ತಿಗಳೇ? ಹೌದು. ಪೌರರೇ? ಹೌದು. ಮತವಿದೆಯೇ? ಇಲ್ಲ. ಆಂಥನಿ ಮತ್ತು ಮೈನರ್ ದಂಪತಿಯಂಥವರ ವಾದ ಇರದಿದ್ದರೆ ಮೊದಲ ಎರಡು ‘ಹೌದು’ಗಳನ್ನು ಅಷ್ಟು ಸ್ಪಷ್ಟವಾಗಿ ಹೇಳುವ ಪ್ರಸಂಗವೇ ಆ ಕೋರ್ಟಿಗೆ ಬರುತ್ತಿರಲಿಲ್ಲ. ಹೆಣ್ಣು ದುರ್ಬಲೆ, ಅವಳ ಪರವಾಗಿ ಗಂಡ ಮತ ಹಾಕುತ್ತಾನೆ ಎಂಬ ಹಳೆಯ ಮುಸುಕುಗಳು ಅಲ್ಲಿ ಕೆಲಸಕ್ಕೆ ಬರಲಿಲ್ಲ. ಕಾನೂನು ತಪ್ಪಾಗಿದ್ದರೆ ಅದನ್ನು ಬದಲಿಸಬೇಕು, ಆದರೆ ಆ ಅಧಿಕಾರ ನಮಗಿಲ್ಲ ಎಂದು ನ್ಯಾಯಮೂರ್ತಿಗಳೇ ಬರೆಯಬೇಕಾಯಿತು. ಇದ್ದ ಕಾನೂನನ್ನು ಓದುವುದರಿಂದ ಆಗದು, ಹೊಸದಾಗಿ ಬರೆಯಬೇಕು ಎಂಬುದು ಖಚಿತವಾಯಿತು. ಬರೆಯಲು 45 ವರ್ಷ ಹಿಡಿಯಿತು. ಆಂಥನಿ 1906ರಲ್ಲೇ ತೀರಿಕೊಂಡಿದ್ದರು.

ಆದ್ದರಿಂದ ಈ ಭಾಷಣದಲ್ಲಿ ತರ್ಕ ಎಲ್ಲಿದೆ ಎಂದು ಕೇಳಿದಾಗ ವಿದ್ಯಾರ್ಥಿಗಳು ಪೀಠಿಕೆಯನ್ನೂ ನಿಘಂಟುಗಳನ್ನೂ ಗುರುತಿಸಲಿ, ಜೊತೆಗೆ ಅವುಗಳ ವ್ಯಾಪ್ತಿ ಎಲ್ಲಿ ಕಡಿಯಿತೆಂದೂ ಬರೆಯಲಿ. ಸಹಿಸಬಹುದು ಎಂಬ ಆ ಪದವನ್ನು ಕೆಂಪು ಶಾಯಿಯಲ್ಲಿ ಸುತ್ತಲಿ. ಎಲ್ಲಕ್ಕಿಂತ ಮೊದಲು ದೀರ್ಘ ಪಾಠವನ್ನು ಹುಡುಕಿ, ಗುಮಾಸ್ತ ‘ಹಿ’ಯನ್ನು ‘ಶಿ’ ಮಾಡಿದ ಆ ಪುಟವನ್ನು ಓದಲಿ. ಒಂದು ಹಂಸಪಾದ, ಮೇಲೊಂದು ಅಕ್ಷರ. ಸಂವಿಧಾನದ ಅರ್ಥ ಬದಲಿಸಲು ಸಾಧ್ಯವಿಲ್ಲ ಎನ್ನುತ್ತಿದ್ದ ಸರಕಾರ ತನಗೆ ಬೇಕಾದಾಗ ಇಷ್ಟರಲ್ಲೇ ಕೆಲಸ ಮುಗಿಸಿಕೊಂಡಿತ್ತು.